ಏಳರಲ್ಲಿ ಎಷ್ಟು ಸುಖ

೧೯೯೮ರ ಡಿಸೆಂಬರಿನಲ್ಲಿ ದೆಹಲಿಯ ಒಂದು ಸಮ್ಮೇಳನಕ್ಕೆ ಹೋಗಿದ್ದ ಮಲ್ಲಿಕಾರ್ಜುನ್ ಸರ್ ಬರುವಾಗ ಒಂದು ಶಾಲನ್ನೂ ಒಂದು ಸುದ್ದಿಯನ್ನೂ ತಂದರು. ನೂರು ವರ್ಷ ಮನುಷ್ಯನ ಭಯ, ಹುಚ್ಚು, ಕೊರಗುಗಳನ್ನೇ ಅಳೆದು ಬೇಸತ್ತ ಅಮೆರಿಕದ ಮನಶ್ಶಾಸ್ತ್ರಜ್ಞರು ಇನ್ನು ಮುಂದೆ ಅವನ ಸುಖವನ್ನೂ ಅಳೆಯಬೇಕೆಂದು ನಿಶ್ಚಯಿಸಿದ್ದಾರೆ ಎಂಬುದು ಸುದ್ದಿ. ಶಾಲನ್ನು ಅವರು ತಮ್ಮಲ್ಲೇ ಉಳಿಸಿಕೊಂಡರು. ಸುದ್ದಿಯನ್ನು ಶಶಿರೇಖಾಗೆ ದಾಟಿಸಿದರು.

ಶಶಿರೇಖಾ ಶಿಕಾರಿಪುರದಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಅಂಚೆಯ ಮೂಲಕ ಮನಶ್ಶಾಸ್ತ್ರದ ಎಂ.ಎ. ಓದುತ್ತಿದ್ದಳು. ಪರೀಕ್ಷೆಗಳೆಲ್ಲ ಮುಗಿದಿದ್ದವು, ಉಳಿದದ್ದು ಒಂದು ಕಿರುಪ್ರಬಂಧ ಮತ್ತು ಅದರ ಮೇಲೆ ಗೈಡಿನ ಸಹಿ. ನೋಂದಣಿಯ ಐದು ವರ್ಷ ಮುಂದಿನ ಮೇ ಮೂವತ್ತೊಂದಕ್ಕೆ ತೀರುತ್ತಿತ್ತು. ಅಷ್ಟರೊಳಗೆ ಸಹಿ ಬೀಳದಿದ್ದರೆ ಬರೆದ ಪರೀಕ್ಷೆಗಳೂ ನೀರಿಗೆ ಬಿದ್ದಂತೆ. ಊರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಮಲ್ಲಿಕಾರ್ಜುನ್ ಸರ್ ಅವಳ ಗೈಡು.

"ಸಕಾರಾತ್ಮಕ ಮನೋವಿಜ್ಞಾನ ಕಣಮ್ಮ," ಎಂದರು ಸರ್. "ಈ ಜಿಲ್ಲೆಯಲ್ಲಿ ಇನ್ನೂ ಯಾರೂ ಕೈ ಹಾಕಿಲ್ಲ. ಹಳ್ಳಿ ಹೆಂಗಸರ ಸುಖ ಎಷ್ಟು ಅಂತ ಮೊದಲು ಅಳೆ. ಆಮೇಲೆ ನಾಲ್ಕು ವಾರ, ವಾರಕ್ಕೊಂದು ಸಲ ಕೂರಿಸಿಕೊಂಡು, ಆ ವಾರ ಆದ ಒಂದು ಒಳ್ಳೇದನ್ನ ಹೇಳಿಸು. ಮತ್ತೆ ಅಳೆ. ಏರಿರುತ್ತೆ."

"ಏರದೇ ಇದ್ರೆ ಸರ್?"

"ಏರುತ್ತೆ. ಸಕಾರಾತ್ಮಕವಾಗಿ ಯೋಚನೆ ಮಾಡು."

ಉಡುತಡಿಯಲ್ಲಿ ಇಪ್ಪತ್ತು ಹೆಂಗಸರು, ಸೊರಬದ ಹತ್ತಿರದ ಒಂದು ಹಳ್ಳಿಯಲ್ಲಿ ಇಪ್ಪತ್ತು. ಕೇಳಬೇಕಾದ ವಾಕ್ಯಗಳು ಐದು. 'ನನ್ನ ಬದುಕು ನನಗೆ ಒಪ್ಪಿಗೆಯಾಗಿದೆ' ಎನ್ನುವುದು ಮೊದಲನೆಯದು. ಎಷ್ಟು ನಿಜ ಎಂಬುದಕ್ಕೆ ಒಂದರಿಂದ ಏಳರವರೆಗೆ ಅಂಕ. ಅಂಕ ಎಂದ ಕೂಡಲೇ ಹೆಂಗಸರು ಪರೀಕ್ಷೆ ಎಂದು ಎದ್ದು ಹೋಗುತ್ತಾರೆಂದು ಶಶಿರೇಖಾ ಏಳು ಹುಣಸೆ ಬೀಜ ಮತ್ತು ಒಂದು ಬಟ್ಟಲು ಇಟ್ಟುಕೊಂಡಳು. ಎಷ್ಟು ಒಪ್ಪಿಗೆಯೋ ಅಷ್ಟು ಬೀಜ ಬಟ್ಟಲಿಗೆ. ಅಮೆರಿಕದವರಿಗೂ ಇದು ಹೊಳೆದಿರಲಿಕ್ಕಿಲ್ಲ ಎಂದು ಸರ್ ಖುಷಿಪಟ್ಟರು.

ಉಡುತಡಿಯಲ್ಲಿ ಮೊದಲು ಬೀಜ ಹಾಕಿದ್ದು ಅಕ್ಕನಾಗಮ್ಮ. ಅಂಗಳದಲ್ಲಿ ಟ್ರ್ಯಾಕ್ಟರು, ಕೊಟ್ಟಿಗೆಯಲ್ಲಿ ನಾಲ್ಕು ಎಮ್ಮೆ, ಎರಡು ಕೈಗೂ ಬಂಗಾರದ ಬಳೆ, ಬಾಣಂತನಕ್ಕೆ ಬಂದ ಮಗಳ ಕೂಸು ತೊಡೆಯ ಮೇಲೆ. ಆಕೆ ಏಳೂ ಬೀಜಗಳನ್ನು ಅಂಗೈಯಲ್ಲಿ ಹಿಡಿದು, ನಿಟ್ಟುಸಿರು ಬಿಟ್ಟು, ಒಂದೇ ಒಂದನ್ನು ಬಟ್ಟಲಿಗೆ ಹಾಕಿದಳು.

"ಒಂದೇ ಏನಮ್ಮ?"

"ಅದೂ ನಿಮ್ಮ ಮುಖ ನೋಡಿ ಹಾಕೀನ್ರಿ ಟೀಚರ್ರೇ. ನಮ್ಮ ಬಾಳೇವು ಏನೈತ್ರಿ, ದೇವ್ರಿಗೇ ಗೊತ್ತು."

ಪಕ್ಕದವಳೂ ಒಂದು. ಅದರಾಚೆಯವಳು ಎರಡು ಹಾಕಿ, ಎಲ್ಲರ ಮುಖ ನೋಡಿ, ಒಂದನ್ನು ವಾಪಸು ತೆಗೆದುಕೊಂಡಳು. ಇಪ್ಪತ್ತು ಜನರೂ ಬಟ್ಟಲಿನ ಮುಂದೆ ಕುಳಿತು ಸರದಿಯಂತೆ ನಿಟ್ಟುಸಿರು ಬಿಟ್ಟರು. ಶಶಿರೇಖಾ ಬಸ್ಸಿನಲ್ಲಿ ವಾಪಸು ಬರುವಾಗ ಈ ಊರಿನ ಹೆಂಗಸರು ಹೇಗೆ ಬದುಕಿದ್ದಾರೋ ಎಂದು ಕಣ್ಣೊರೆಸಿಕೊಂಡಳು.

ಸೊರಬದ ಕಡೆಯೂ ಕತೆ ಅದೇ. ವರದಮ್ಮನ ಸರದಿ ಬರುವ ತನಕ.

ವರದಮ್ಮನಿಗೆ ನಲವತ್ತರ ಆಸುಪಾಸು. ಗಂಡ ತೀರಿಕೊಂಡು ಮೂರು ವರ್ಷ. ಗದ್ದೆ ತಾನೇ ನೋಡಿಕೊಳ್ಳುತ್ತಾಳೆ. ಮೈದುನ ರಂಗಪ್ಪ ಅದೇ ಮನೆಯ ಇನ್ನೊಂದು ಭಾಗದಲ್ಲಿದ್ದಾನೆ. ಅತ್ತಿಗೆಯನ್ನು ನೋಡಿಕೊಳ್ಳುವವನು ತಾನೆಂದು ಊರಿಗೆಲ್ಲ ಹೇಳಿದ್ದಾನೆ. ಆ ದಿನವೂ ಜಗುಲಿಯ ಕಂಬಕ್ಕೊರಗಿ ನಿಂತಿದ್ದ.

ವರದಮ್ಮ ವಾಕ್ಯವನ್ನು ಎರಡು ಸಲ ಓದಿಸಿಕೊಂಡಳು. ಆಮೇಲೆ ಏಳೂ ಬೀಜಗಳನ್ನು ಒಟ್ಟಿಗೆ ಬಟ್ಟಲಿಗೆ ಸುರಿದಳು.

"ಅತ್ತಿಗೆ!" ರಂಗಪ್ಪ ಕಂಬ ಬಿಟ್ಟು ಬಂದ. "ಎಂತ ಮಾಡ್ತಿದೀರಿ? ಅಣ್ಣ ಸತ್ತು ಮೂರು ವರ್ಷ ಆತು ಅಷ್ಟೆ. ಏಳು ಹಾಕದಾ?"

"ಅದಕ್ಕೇ ಏಳು."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಒಬ್ಬಳಿಗೆ ಕೆಮ್ಮು ಬಂತು.

"ಟೀಚರ್ರೇ, ಅದನ್ನ ಬರ್ಕಬೇಡಿ," ಎಂದ ರಂಗಪ್ಪ. "ಮನೆ ಗಂಡ್ಸು ನಾನು, ನಾನು ಹೇಳ್ತೀನಿ. ಇವ್ರದ್ದು ಒಂದು ಅಂತ ಬರೀರಿ."

"ನನ್ನ ಸುಖದ ಪಹಣಿ ನಿನ್ನ ಹೆಸರಿಗೆ ಯಾವಾಗ ಆತಾ ತಮ್ಮಾ?" ಎಂದಳು ವರದಮ್ಮ. "ಟೀಚರ್ರೇ, ಎರಡನೇದು ಓದಿ."

ಎರಡನೆಯದಕ್ಕೂ ಏಳು. ಐದಕ್ಕೂ ಏಳು.

ನಾಲ್ಕು ವಾರ ಒಳ್ಳೆಯದನ್ನು ಹೇಳುವ ಕೂಟ ನಡೆಯಿತು. ಮೊದಲ ವಾರ ಯಾರಿಗೂ ಒಳ್ಳೆಯದು ನೆನಪಾಗಲಿಲ್ಲ. ಎರಡನೆಯ ವಾರ ಉಡುತಡಿಯಲ್ಲಿ ಒಬ್ಬಳು ನಮ್ಮ ಎಮ್ಮೆ ಈ ವಾರ ಒದೀಲಿಲ್ಲ ಎಂದಳು. ಇನ್ನೊಬ್ಬಳು, ಅತ್ತೆ ತಮ್ಮ ಮಗಳ ಮನೆಗೆ ಹೋಗ್ಯಾರೆ ಎಂದು ಹೇಳಿ ನಿಲ್ಲಿಸಿದಳು. ವಿವರ ಯಾರೂ ಕೇಳಲಿಲ್ಲ. ನಾಲ್ಕನೆಯ ವಾರಕ್ಕೆ ಒಬ್ಬರ ಮಾತಿಗೆ ಒಬ್ಬರು ನಕ್ಕು, ಕಡಲೆ ಮಂಡಕ್ಕಿ ತಿಂದು, ಟೀಚರಿಗೆ ಕೊನೆಯ ಬಸ್ಸು ತಪ್ಪುವ ಹಾಗಾಯಿತು. ಮತ್ತೆ ಬೀಜ ಹಂಚಿದಾಗ ಬಟ್ಟಲಿಗೆ ಐದು, ಆರು, ಐದು. ಅಕ್ಕನಾಗಮ್ಮ ಆರು ಹಾಕಿ, ಏಳನೆಯದನ್ನು ಹಾಕಲೋ ಬೇಡವೋ ಎಂದು ಮಗಳ ಮುಖ ನೋಡಿದಳು.

ಮಲ್ಲಿಕಾರ್ಜುನ್ ಸರ್ ಕೋಷ್ಟಕ ನೋಡಿ ಕುರ್ಚಿಯಿಂದ ಎದ್ದುಬಿಟ್ಟರು.

"ಒಂದೂವರೆಯಿಂದ ಐದೂವರೆ! ನಾಲ್ಕು ವಾರದಲ್ಲಿ! ಇದನ್ನ ಹಾಗೇ ಟೈಪ್ ಮಾಡಿಸು. ಜುಲೈನಲ್ಲಿ ಮತ್ತೆ ದೆಹಲಿಯಲ್ಲಿ ಸಮ್ಮೇಳನ ಇದೆ. ನನ್ನ ಹೆಸರು, ಕೆಳಗೆ ನಿನ್ನ ಹೆಸರು."

ಒಂದು ವಾರ ಶಶಿರೇಖಾ ನೆಲದ ಮೇಲೆ ನಡೆಯಲಿಲ್ಲ. ಕ್ಲಾಸಿನಲ್ಲಿ ಮಕ್ಕಳಿಗೆ ಹೊಡೆಯಲೂ ಇಲ್ಲ. ನಾಲ್ಕು ಒಳ್ಳೆಯ ಮಾತಿಗೆ ಒಂದು ಊರಿನ ದುಃಖ ಕರಗುವುದಾದರೆ, ತಾಲ್ಲೂಕಿಗೆ ಎಷ್ಟು ಮಾತು ಬೇಕಾದೀತು ಎಂದು ಯೋಚಿಸಿದಳು. ಹೆಂಗಸರಿಗೆ ಥ್ಯಾಂಕ್ಸ್ ಹೇಳಲು ಒಂದು ಡಬ್ಬ ಮಂಡಿಗೆ ಹಿಡಿದು ಉಡುತಡಿಗೆ ಹೋದಳು.

ಅಕ್ಕನಾಗಮ್ಮ ಮಂಡಿಗೆ ಮುರಿಯುತ್ತ ಕೇಳಿದಳು: "ಅಂದಂಗ ಟೀಚರ್ರೇ, ಪಟ್ಟಿ ಮ್ಯಾಲಕ್ಕೆ ಹೋತೇನ್ರಿ?"

"ಯಾವ ಪಟ್ಟಿ?"

"ಮೊದಲ್ನೇ ಸಲ ಬೀಜ ಎಣಿಸಿ ಬರ್ಕಂಡು ಹೋದ್ರಲ್ರೀ, ಅದು."

"ಅದು ಪಟ್ಟಿ ಅಲ್ಲಮ್ಮ, ನನ್ನ ಓದಿಗೆ ಅಂತ ಆವತ್ತೇ ಹೇಳಿದ್ನಲ್ಲ."

"ಹೇಳಿದ್ರಿ, ಹೇಳಿದ್ರಿ. ಹಿಂದ್ಲ ಸಲನೂ ನೀವು ಸುಮ್ನೆ ಬರ್ಕಳಾಕೆ ಅಂತನೇ ಹೇಳಿದ್ರಿ." ಅಕ್ಕನಾಗಮ್ಮನಿಗೆ ಕೋಪವೇನಿರಲಿಲ್ಲ. "ಏಳು ವರ್ಷದ ಹಿಂದೆ ಇದೇ ಬ್ಯಾಗ್ ಹಾಕ್ಕಂಡು ಬಂದು, ಮನೆ ಹೆಂಚೋ ಹುಲ್ಲೋ ಅಂತ ಕೇಳಿದ್ರಿ. ನಾವು ಹೆಂಚು ಅಂದ್ವಿ, ಇದ್ದದ್ದು ಹೇಳಿದ್ವಿ. ಎದುರು ಮನೆ ಗುಡ್ಡಮ್ಮ ದನದ ಕೊಟ್ಟಿಗೆ ತೋರ್ಸಿ, ಇದ್ರಾಗೇ ಇರೋದು ಅಂದ್ಲು. ಅಕಿಗೆ ಸರ್ಕಾರದ ಮನೆ ಬಂತು. ಆವತ್ತಿಂದ ನಮ್ಮೂರಾಗೆ ಪೇಪರ್ ಹಿಡ್ಕಂಡು ಬಂದೋರ ಮುಂದೆ ಯಾರೂ ಚೆನ್ನಾಗಿರಾಕಿಲ್ಲ."

ಶಶಿರೇಖಾಗೆ ನೆನಪಾಯಿತು. ಜನಗಣತಿ, ದನಗಣತಿ, ಮತದಾರರ ಪಟ್ಟಿ, ಬಡವರ ಪಟ್ಟಿ, ಎಲ್ಲಕ್ಕೂ ಸರ್ಕಾರ ಕಳಿಸುವುದು ಪ್ರಾಥಮಿಕ ಶಾಲೆಯ ಟೀಚರುಗಳನ್ನೇ. ದನಗಣತಿಯ ದಿನ ಈ ಊರಿನ ಕೋಳಿಗಳು ಅರ್ಧಕ್ಕರ್ಧ ಹಿತ್ತಿಲು ಹಾರಿ ಹೋಗಿದ್ದವು. ಅಮೆರಿಕದಿಂದ ಶಾಸ್ತ್ರ ತಂದು, ಹುಣಸೆ ಬೀಜದಲ್ಲಿ ಅದಕ್ಕೆ ಕನ್ನಡ ಕಲಿಸಿದ ತಾನು, ತನ್ನ ಮುಖವನ್ನು ಮಾತ್ರ ಬದಲಿಸಿರಲಿಲ್ಲ.

"ಹಂಗಾದ್ರೆ ಎರಡನೇ ಸಲ ಯಾಕೆ ಆರು ಹಾಕಿದ್ರಿ?"

"ಪಟ್ಟಿ ಆವಾಗ್ಲೇ ಬರ್ಕಂಡು ಹೋಗಿದ್ರಲ್ರೀ, ಇನ್ಯಾಕೆ ಸುಳ್ಳು?" ಎಂದಳು ಅಕ್ಕನಾಗಮ್ಮ. "ಪಾಪ, ಅಷ್ಟು ದೂರದಿಂದ ಬರ್ತೀರಿ. ನಿಮಗಾದ್ರೂ ಸಮಾಧಾನ ಆಗ್ಲಿ ಅಂತ ಒಂದು ಜಾಸ್ತೀನೇ ಹಾಕೀನಿ."

ಮಾರನೆಯ ಭಾನುವಾರ ಶಿರಾಳಕೊಪ್ಪದ ಮೇಲೆ ಹಾದು ಸೊರಬಕ್ಕೆ ಹೋದಳು. ಅಲ್ಲಿ ಕೇಳಿದ ನಾಲ್ಕು ಮನೆಯಲ್ಲೂ ಇದೇ ಉತ್ತರ, ಸ್ವಲ್ಪ ನಾಚಿಕೆಯೊಂದಿಗೆ. ಕೊನೆಗೆ ವರದಮ್ಮನ ಮನೆ. ವರದಮ್ಮ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದಳು.

"ಇದು ಪಟ್ಟಿ ಅಂತ ಊರವರು ಅಂದ್ಕೊಂಡದ್ದು ನಿಮಗೂ ಗೊತ್ತಿತ್ತಾ?"

"ಗೊತ್ತಿಲ್ದೇ ಏನು? ನಾನೂ ಹಂಗೇ ತಿಳ್ಕಂಡಿದ್ದೆ. ಗಂಡ ಇಲ್ದೋಳು, ಒಂದು ಹಾಕಿದ್ರೆ ಮೊದಲ್ನೇ ಮನೆ ನಂಗೇ ಬರ್ತಿತ್ತು ಅಂತ ರಂಗಪ್ಪ ತಿಂಗಳಿಂದ ನನ್ನತ್ರ ಮಾತು ಬಿಟ್ಟಿದಾನೆ. ಆ ಸುಖ ಒಂದು ಹೆಚ್ಚಾಗಿದೆ. ಎಂತ ಮಾಡದು, ನಿಮ್ಮತ್ರ ಇದ್ದದ್ದೇ ಏಳು ಬೀಜ."

"ಗೊತ್ತಿದ್ದೂ ಯಾಕೆ ಹಾಕಿದ್ರಿ ಮತ್ತೆ?"

ವರದಮ್ಮ ಚೊಂಬು ಕೆಳಗಿಟ್ಟಳು.

"ಹದಿನೇಳು ವರ್ಷ ಆ ಮನುಷ್ಯನ ಕೈಲಿ ಹೊಡ್ತ ತಿಂದೆ ಟೀಚರ್ರೇ. ತವರಿಗೆ ಹೋದಾಗೆಲ್ಲ, ಹೆಂಗಿದೀಯೇ ಅಂತ ಅವ್ವ ಕೇಳದು, ಸುಖವಾಗಿದೀನಿ ಅಂತ ನಾನು ಸುಳ್ಳು ಹೇಳದು. ಈಗ ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡ್ತಿದೀನಿ. ಈಗ ಕಷ್ಟ ಅಂತ ಸುಳ್ಳು ಹೇಳ್ಬೇಕು. ಆಗ ಮನೆ ಉಳಿಲಿ ಅಂತ ಒಂದು ಸುಳ್ಳು, ಈಗ ಮನೆ ಬರ್ಲಿ ಅಂತ ಒಂದು ಸುಳ್ಳು. ಎರಡೂ ನಾನೇ ಹೇಳ್ಬೇಕಾ? ಆಗಲ್ಲ ಅಂದೆ. ಏಳು ಅಂದ್ರೆ ಏಳು."

ಶಶಿರೇಖಾ ಬೇಸಿಗೆ ರಜೆಯ ಅರ್ಧ ಕುಳಿತು ಐದನೆಯ ಅಧ್ಯಾಯವನ್ನು ಹೊಸದಾಗಿ ಬರೆದಳು. ಮೊದಲ ಅಳತೆ ಯಾಕೆ ಸುಳ್ಳು, ಎರಡನೆಯದು ಯಾಕೆ ಕೊಂಚ ಉದಾರ, ಕೇಳಿದವರು ಯಾರು ಎಂಬುದರ ಮೇಲೆ ಹಳ್ಳಿಯಲ್ಲಿ ಸುಖ ಹೇಗೆ ಇಳಿದು ಏರುತ್ತದೆ, ತನ್ನ ತಪ್ಪು ಎಲ್ಲಿ, ಎಲ್ಲ ಬರೆದಳು. ಕೂಟದಲ್ಲಿ ಹೆಂಗಸರು ನಕ್ಕದ್ದನ್ನೂ ಬರೆದಳು. ನಗು ನಿಜವಿತ್ತು, ಅದು ಎಷ್ಟು ಅಂಕ ಎಂದು ಮಾತ್ರ ತನಗೆ ಗೊತ್ತಿಲ್ಲ ಎಂದಳು.

ಮಲ್ಲಿಕಾರ್ಜುನ್ ಸರ್ ಆ ಅಧ್ಯಾಯವನ್ನು ಓದುತ್ತ ಎರಡು ಸಲ ನಕ್ಕರು. ಓದಿ ಮುಗಿಸಿ ಕನ್ನಡಕ ತೆಗೆದರು.

"ಚೆನ್ನಾಗಿ ಬರೆದಿದೀಯ. ತೆಗೆದುಬಿಡು."

"ಸರ್?"

"ಈ ಅಧ್ಯಾಯ ತೆಗಿ. ಆಮೇಲೆ ಇಪ್ಪತ್ತೇಳನೇ ಹಾಳೆ, ಆ ವಿಧವೆಯದು, ಅದನ್ನೂ ತೆಗಿ. ಮೊದಲೂ ಏಳು, ಆಮೇಲೂ ಏಳು. ಏರಿಕೆಯೇ ಇಲ್ಲ. ಇಂಥ ಒಂದೊಂದು ಹಾಳೆ ಕೆಡಿಸುತ್ತೆ. ತೆಗೆಯೋದು ರೂಢಿ."

"ಸರ್, ನಲವತ್ತು ಜನರಲ್ಲಿ ಎರಡು ಸಲಾನೂ ನಿಜ ಹೇಳಿದ್ದು ಅವರೊಬ್ಬರೇ. ಅವರನ್ನ ತೆಗೆದು ಮೂವತ್ತೊಂಬತ್ತು ಸುಳ್ಳು ಇಟ್ಕೊಂಡರೆ ಅದು ಯಾವ ವಿಜ್ಞಾನ?"

"ಪಾಸಾಗೋ ವಿಜ್ಞಾನ." ಸರ್ ಗದರಲಿಲ್ಲ, ಅವರು ಗದರುವ ಮನುಷ್ಯರಲ್ಲ. "ನೋಡಮ್ಮ, ಈ ಶಾಸ್ತ್ರ ಹೊಸದು. ಹುಟ್ಟಿದ ಕೂಸಿಗೆ ಒಂದು ದೃಷ್ಟಿಬೊಟ್ಟು ಇಡ್ತೀವೋ ಇಲ್ವೋ? ಮೊದಲ ವರ್ಷವೇ ಅದರ ಅಳತೆ ಸರಿಯಿಲ್ಲ ಅಂತ ನಾವು ಶಿಕಾರಿಪುರದಿಂದ ಕೂಗಬೇಕಾ? ನಕಾರಾತ್ಮಕವಾಗಿ ನೋಡಬೇಡ. ಇವತ್ತು ಮೇ ಇಪ್ಪತ್ತೆಂಟು. ಇವೆರಡನ್ನ ತೆಗಿ, ಇಲ್ಲೇ ಸಹಿ ಹಾಕ್ತೀನಿ. ಇಲ್ಲಾಂದ್ರೆ ಐದು ವರ್ಷ ಹೋಗುತ್ತೆ. ನಿನ್ನದು, ನನ್ನದಲ್ಲ."

ಪೆನ್ನಿನ ಮುಚ್ಚಳ ತೆಗೆದು ಕಾದರು. ಶಶಿರೇಖಾ ಹಾಳೆಗಳನ್ನು ಅಂಚು ಸರಿಮಾಡಿ ಜೋಡಿಸಿದಳು. ಐದು ವರ್ಷದಲ್ಲಿ ಬರೆದ ಪರೀಕ್ಷೆಗಳು ಎಂಟು. ಒಂದನ್ನು ಜ್ವರದಲ್ಲಿ ಬರೆದಿದ್ದಳು. ಇನ್ನೊಂದನ್ನು, ಗಂಡನ ತಮ್ಮನ ಮದುವೆ ಬಿಟ್ಟು ಹೋಗಿ ಬರೆದು, ಇವತ್ತಿಗೂ ಆ ಮನೆಯವರಿಂದ ಮಾತು ಕೇಳುತ್ತಿದ್ದಳು.

"ಆ ಹೆಂಗಸು ಒಂದು ಮನೆ ಬಿಟ್ಟಳು ಸರ್," ಎಂದಳು. "ಬರುತ್ತೆ ಅಂತ ನಂಬಿಯೇ ಬಿಟ್ಟಳು. ನಾನು ಅವಳ ಹಾಳೆ ಹರಿದು ಎಂ.ಎ. ತಗೊಂಡು, ಆಮೇಲೆ ಯಾರ ಮುಂದೆ ಕೂತು ಸುಖ ಕೇಳಲಿ?"

"ಅವಳಿಗೆ ಇದೇನೂ ಗೊತ್ತಾಗೋದೇ ಇಲ್ಲವಲ್ಲ!"

"ನನಗೆ ಗೊತ್ತಾಗುತ್ತಲ್ಲ ಸರ್."

ಸರ್ ಪೆನ್ನಿಗೆ ಮುಚ್ಚಳ ಹಾಕಿದರು. ಅವಳು ನಮಸ್ಕಾರ ಹೇಳಿ ಎದ್ದಳು.

ಮೇ ಮೂವತ್ತೊಂದು ಸೋಮವಾರ. ಶಿವಮೊಗ್ಗದ ಸ್ಟಡಿ ಸೆಂಟರಿನ ಕಿಟಕಿಯ ಮುಂದೆ ಉದ್ದನೆಯ ಸಾಲು. ಶಶಿರೇಖಾ ಮೂರು ಪ್ರತಿ ಒಳಗೆ ನೂಕಿದಳು. ಗುಮಾಸ್ತ ಮಾಸ್ತಪ್ಪ ಮೊದಲ ಪುಟ ತಿರುವಿ, ಖಾಲಿ ಜಾಗದ ಮೇಲೆ ಬೆರಳಿಟ್ಟ.

"ಗೈಡಿನ ಸಹಿ ಎಲ್ರೀ?"

"ಇಲ್ಲ."

"ಮರೆತಿದ್ರೆ ಸಂಜೆ ಐದರೊಳಗೆ ಹಾಕಿಸ್ಕೊಂಡು ಬನ್ನಿ."

"ಮರೆತಿಲ್ಲ. ಅವರು ಹಾಕಲ್ಲ ಅಂದ್ರು. ನೀವು ತಗೊಳ್ಳಿ."

"ಅಲ್ರೀ ಮೇಡಂ, ಸಹಿ ಇಲ್ದೇ ಇದ್ರೆ ಇದು ಫೇಲು."

"ಆಗಲಿ. ಫೇಲು ಅಂತ ಬರೀಲಿಕ್ಕಾದ್ರೂ ಯಾರಾದರೂ ಒಬ್ಬರು ಓದಬೇಕಲ್ಲ. ಐದನೇ ಅಧ್ಯಾಯ ಓದಿಸಿ ಸಾಕು."

ಹಿಂದಿನವರು ಬೇಗ ಬೇಗ ಎಂದು ಕೂಗಿದರು. ಮಾಸ್ತಪ್ಪ ಅವಳ ಮುಖ ನೋಡಿದ. ಆಮೇಲೆ, ಏನಿರಬಹುದು ಎಂದು ಐದನೆಯ ಅಧ್ಯಾಯ ತೆರೆದ. ಎಡಗೈ ಎತ್ತಿ ಸಾಲನ್ನು ತಡೆದು ಅರ್ಧ ಪುಟ ಓದಿದ. ಪುಟ ತಿರುವಿದ. ಕೋಳಿಗಳು ಹಿತ್ತಿಲು ಹಾರಿದಲ್ಲಿಗೆ ಬಂದಾಗ ಅವನ ಮೀಸೆ ಅಲುಗಿತು.

"ನಿಮಗೆ ಡಿಗ್ರಿ ಬರಲ್ಲ, ಗೊತ್ತಲ್ಲ ಮೇಡಂ?"

"ಗೊತ್ತು," ಎಂದಳು ಶಶಿರೇಖಾ. "ಸೀಲು ಹಾಕಿ."