ಸೊಟ್ಟ ಹಲ್ಲು ಎಡಕ್ಕೋ ಬಲಕ್ಕೋ

ಗಂಡ ಸರಕು ಹಡಗಿನಲ್ಲಿ ಅಡುಗೆಯವನು, ಹೆಂಡತಿ ಕಟ್ಟು ಹಲ್ಲು ಮಾಡುವವಳು. "ಇಬ್ಬರದೂ ಬಾಯಿಗೆ ಸಂಬಂಧಪಟ್ಟ ಕೆಲಸಾನೇ. ಬಾಯಿ ತುಂಬ ಮಾತಾಡೋಕೆ ಮಾತ್ರ ಒಂದೇ ಕಡೆ ಇರಲ್ಲ" ಎಂದು ಅವಳ ಅಕ್ಕ ತಮಾಷೆ ಮಾಡುತ್ತಿದ್ದಳು.

ಮದುವೆಯಾದಂದಿನಿಂದ ಹೀಗೇ. ವರ್ಷದ ಬಹುಪಾಲು ಅವನು ನೀರಿನ ಮೇಲೆ. ಇವಳು ಅತ್ತೆಯ ಜೊತೆ ಮೂರನೇ ಮಹಡಿಯ ಪುಟ್ಟ ಮನೆಯಲ್ಲಿ. ಬೆಳಗ್ಗೆ ಬಸ್ಸು ಹಿಡಿದು ದಂತವೈದ್ಯರ ಕ್ಲಿನಿಕ್ಕಿಗೆ ಹೋಗುವಳು. ಕ್ಲಿನಿಕ್ಕಿನ ಹಿಂದಿನ ಕೋಣೆಯೇ ಅವಳ ಲ್ಯಾಬು. ಅಲ್ಲಿ ಸ್ಪಿರಿಟ್ ದೀಪದಲ್ಲಿ ಮೇಣ ಕರಗಿಸಿ, ಪ್ಲಾಸ್ಟರಿನ ಅಚ್ಚಿನ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಮೇಲಿನ ಸಾಲು ಕೆಳಗಿನ ಸಾಲಿಗೆ ಸರಿಯಾಗಿ ಕೂಡುತ್ತದೋ ಎಂದು ನೋಡುತ್ತಾ ದಿನ ಕಳೆಯುವಳು. ಸಂಜೆ ಮನೆಗೆ ಬಂದರೆ ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಪುಡಿ.

ಅವಳಿಗೆ ಅವನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅವನ ನಗು. ಅದು ತಡವಾಗಿ ಬರುತ್ತಿತ್ತು. ಮೊದಲು ಭುಜ ಅಲ್ಲಾಡುವುದು, ಕಣ್ಣು ಮುಚ್ಚುವುದು, ಇನ್ನೇನು ನಗಲಾರ ಎಂದುಕೊಳ್ಳುವ ಹೊತ್ತಿಗೆ ಹೊಟ್ಟೆಯಿಂದ ಸದ್ದು ಹೊರಡುವುದು. ಹಡಗಿನಿಂದ ಮಾಡಿದ ಫೋನಿನಲ್ಲಿ ಆ ನಗು ಸಿಗುತ್ತಲೇ ಇರಲಿಲ್ಲ. ಅವನ ಭುಜ ಅಲ್ಲಾಡುವ ಹೊತ್ತಿಗೆ ಇಲ್ಲಿ ಸದ್ದಿಲ್ಲ. "ಹಲೋ, ಇದೀರಾ?" ಎಂದು ಇವಳು ಕೇಳುವುದು, ಆಮೇಲೆ ಲೈನು ಹೋಗುವುದು.

"ಒಂದು ಬ್ಲಾಗು ಶುರು ಮಾಡಿ ಏನಾದ್ರೂ ಬರೆದು ಹಾಕು" ಎಂದು ಒಂದು ಬಂದರಿನಿಂದ ಅವನೇ ಹೇಳಿದ. "ಫೋಟೋ ಬೇಡ, ಇಲ್ಲಿ ತೆರ್ಕೊಳ್ಳಲ್ಲ. ಬರೀ ಅಕ್ಷರ ಆದ್ರೆ ಬರುತ್ತೆ. ಮೆಸೇಜು ಓದೋಷ್ಟರಲ್ಲಿ ಮುಗಿದುಹೋಗುತ್ತೆ ಕಣೇ. ಇದಾದ್ರೆ ಪಾತ್ರೆ ತೊಳೆದ ಮೇಲೆ ಕೂತು ನಿಧಾನಕ್ಕೆ ಓದ್ತೀನಿ. ನಗೋ ಹಾಗೆ ಬರಿ. ಇಲ್ಲಿ ಎಲ್ಲರ ಮುಖಾನೂ ಗಂಟಾಗಿದೆ."

ನಗೋ ಹಾಗೆ ಬರೆಯುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಮೊದಲ ಬರಹದಲ್ಲಿ ಕಟ್ಟು ಹಲ್ಲು ಮಾಡುವ ಬಗೆಯನ್ನು ಬರೆದಳು. ಓದಿದ ಅಕ್ಕ, "ಔಷಧಿ ಡಬ್ಬಿಯೊಳಗೆ ಮಡಚಿಟ್ಟಿರ್ತಾರಲ್ಲ, ಆ ಚೀಟಿ ಥರ ಇದೆ" ಎಂದಳು. ಎರಡನೆಯದಕ್ಕೆ ಅಲ್ಲಿ ಇಲ್ಲಿ ಹುಡುಕಿ ಗಂಡ ಹೆಂಡತಿ ಜೋಕುಗಳನ್ನು ಪೋಣಿಸಿದಳು. ಪ್ರತಿ ಸಾಲಿನ ಕೊನೆಗೂ ಉದ್ಗಾರ ಚಿಹ್ನೆ, ಅದರ ಪಕ್ಕದಲ್ಲಿ ನಗುವ ಹಳದಿ ಮುಖ.

ಮುಂದಿನ ಬಂದರಿನಿಂದ ಅವನು ಫೋನು ಮಾಡಿದಾಗ ಕೇಳಿದಳು.

"ಓದಿದ್ರಾ?"

"ಓದ್ದೆ. ಚೆನ್ನಾಗಿದೆ."

"ನಗು ಬಂತಾ?"

"ಬರುತ್ತೆ. ದಾರೀಲಿದೆ."

ಉಪ್ಪು ಜಾಸ್ತಿಯಾದ ಅಡುಗೆಗೂ ಅವನು ಇದೇ ದನಿಯಲ್ಲಿ ಚೆನ್ನಾಗಿದೆ ಎನ್ನುವುದು ಅವಳಿಗೆ ಗೊತ್ತಿತ್ತು. ಮುಖ ಸಣ್ಣದಾಯಿತು. ಮಾತು ಬದಲಿಸಲು, "ಇವತ್ತು ಲ್ಯಾಬಲ್ಲಿ ಏನಾಯ್ತು ಗೊತ್ತಾ ರೀ, ಒಂದು ಕಟ್ಟು ಹಲ್ಲು ಕುರ್ಚಿ ಮೇಲಿಟ್ಟು ಮರೆತು ಅದರ ಮೇಲೇ ಕೂತುಬಿಟ್ಟೆ. ನಾನೇ ಮಾಡಿದ ಹಲ್ಲು, ನನ್ನನ್ನೇ ಕಚ್ಚಿತು. ಹಿಡಿತ ಮಾತ್ರ ಚೆನ್ನಾಗಿದೆ ಅಂತ ಗೊತ್ತಾಯ್ತು" ಎಂದಳು.

ಆ ಕಡೆ ಸದ್ದಿಲ್ಲ. ಲೈನು ಹೋಯಿತೆಂದುಕೊಂಡಳು. ಆಮೇಲೆ ಬಂತು, ಹೊಟ್ಟೆಯಿಂದ ಎದ್ದು ಬಂದ ಆ ನಗು. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿಸಿಕೊಂಡಳು.

"ಇದನ್ನ ಬರಿ!" ಎಂದ ಅವನು, ಕಣ್ಣೊರೆಸಿಕೊಳ್ಳುತ್ತಿದ್ದಿರಬೇಕು. "ನನಗೆ ಹೇಳಿದ ಹಾಗೇ ಬರಿ. ಒಂದು ಮಾತೂ ಜಾಸ್ತಿ ಮಾಡಬೇಡ."

ಅವಳು ಹಾಗೇ ಬರೆದಳು. ಉದ್ಗಾರ ಚಿಹ್ನೆಗಳನ್ನೂ ಹಳದಿ ಮುಖಗಳನ್ನೂ ತೆಗೆದುಹಾಕಿದಳು. ಹಲ್ಲು ಕಚ್ಚಿದ್ದು ಎಲ್ಲಿ ಎಂದು ಹೇಳದೆ ಬಿಟ್ಟಳು. ಕೆಲವು ದಿನಗಳ ಮೇಲೆ ಬರಹದ ಕೆಳಗೆ ಅವನ ಸಾಲು ಕಾಣಿಸಿತು. "ಇಡೀ ಊಟದ ಕೋಣೆ ನಕ್ಕಿತು. ಎಂಜಿನ್ ಮೇಸ್ತ್ರಿಗೆ ನಮ್ಮ ಭಾಷೆ ಬರಲ್ಲ. ಅವನಿಗಾಗಿ ಕುರ್ಚಿ ಮೇಲೆ ಕೂತು ಎದ್ದು ತೋರಿಸಿದೆ."

ಅಲ್ಲಿಂದ ಅವಳ ಕೈ ಓಡಿತು. ಗಂಡನಿಗೆ ಬ್ಲಾಗಿನಲ್ಲಿ 'ಸೌಟು ಸಾಹೇಬರು' ಎಂದು ಹೆಸರಿಟ್ಟಳು. ಅತ್ತೆ ಹೊಸ ಮಿಕ್ಸಿಗೆ ಹೆದರಿ ಅದನ್ನು ಬೇರೆ ಕೋಣೆಯಿಂದ ಕೋಲು ಚಾಚಿ ಆನ್ ಮಾಡಿದ್ದು, ದಂತವೈದ್ಯರು ತಮ್ಮ ಹಲ್ಲು ತೋರಿಸಲು ಇನ್ನೊಬ್ಬ ವೈದ್ಯರ ಬಳಿ ಹೋಗಲು ಹೆದರಿ ದವಡೆ ಊದಿಸಿಕೊಂಡು ಕೂತಿದ್ದು, ಎಲ್ಲವೂ ಬ್ಲಾಗು ಸೇರಿದವು. ಗೊತ್ತಿಲ್ಲದ ಊರಿನವರೂ ಓದತೊಡಗಿದರು. ಅಕ್ಕ ಕೂಡ, "ಈಗ ಗುಣ ಆಯ್ತು ನೋಡು" ಎಂದಳು.

ಒಂದು ಸಲ ಎಡವಿದಳು. ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಂಡಿದ್ದರು. ಮೊದಲ ದಿನ ಅವರು 'ಸ' ಎಂದಾಗಲೆಲ್ಲ ಹಲ್ಲಿನ ಸಂದಿಯಿಂದ ವಿಷಲ್ ಬರುತ್ತಿತ್ತು. ಅವಳು ಬರೆದಳು: "ಕೆಲಸ ಬಿಟ್ಟರೂ ವಿಷಲ್ ಬಿಡಲಿಲ್ಲ. ಸಂಸಾರ ಹೇಗಿದೆ ಎಂದು ಅವರು ಕೇಳಿದರೆ ರಸ್ತೆಯಲ್ಲಿದ್ದ ಬಸ್ಸುಗಳೆಲ್ಲ ಹೊರಟುಬಿಡುತ್ತವೆ." ಜನ ಬಿದ್ದು ಬಿದ್ದು ನಕ್ಕರು. ಕಂಡಕ್ಟರರ ಮಗಳೂ ಓದಿದ್ದಳು.

ಹಲ್ಲು ತಿದ್ದಿಸಿಕೊಳ್ಳಲು ಬಂದ ಕಂಡಕ್ಟರು ಲ್ಯಾಬಿನ ಬಾಗಿಲಲ್ಲಿ ನಿಂತರು. 'ಸ' ಬರುವ ಮಾತುಗಳನ್ನೆಲ್ಲ ತಪ್ಪಿಸುತ್ತಾ, ತಡೆತಡೆದು ಮಾತಾಡಿದರು.

"ಓದಿದೆ ಕಣಮ್ಮಾ. ನಗು ಬರೋ ಹಾಗೇ ಬರೆದಿದೀರಿ."

ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. "ತಪ್ಪಾಯ್ತು ಅಣ್ಣ" ಎಂದಳು.

"ನಾನೂ ಗಾಡೀಲಿ ಜನರನ್ನ ಚೆನ್ನಾಗಿ ಗೋಳು ಹೊಯ್ಕೊಳ್ತಿದ್ದೆ. ಆದ್ರೆ ಒಳಗೆ ಹತ್ತಿಕೊಂಡೋರನ್ನ. ಬಾಗಿಲ ಹತ್ರ ಜೋತಾಡೋರನ್ನ ಅಲ್ಲ. ಈ ಹಲ್ಲಲ್ಲಿ ನಾನಿನ್ನೂ ಜೋತಾಡ್ತಾ ಇದೀನಿ" ಎಂದು ಹೇಳಿ ಅವರು ಬಾಯಿ ತೆರೆದು ಕುಳಿತರು. ಅವಳು ಸೆಟ್ಟು ಹೊರತೆಗೆದು, ಆ ಸಂದಿಯನ್ನು ತುಂಬಿ, ಉಜ್ಜಿ, ಮತ್ತೆ ಕೂರಿಸಿದಳು. ಅಂದೇ ಆ ಬರಹವನ್ನು ತೆಗೆದುಹಾಕಿದಳು. ಆಮೇಲಿಂದ ಯಾರನ್ನಾದರೂ ನಗೆಗೆ ಎಳೆಯುವ ಮುಂಚೆ ತನ್ನನ್ನು ಮೊದಲು ಎಳೆದುಕೊಳ್ಳುವುದು ಅವಳ ರೂಢಿಯಾಯಿತು.

ಬ್ಲಾಗು ಹೀಗೆ ನಗುನಗುತ್ತಾ ನಡೆಯಿತು. ಅವನು ಮನೆಗೆ ಬರುವ ಕಾಲ ಹತ್ತಿರವಾಯಿತು. ಅತ್ತೆ ಮಗನ ಹೊದಿಕೆಗಳನ್ನು ಬಿಸಿಲಿಗೆ ಹಾಕಿದರು. ಇವಳು ಕನ್ನಡಿಯ ಮುಂದೆ ನಿಂತು, ತಲೆಯಲ್ಲಿ ಕಾಣಿಸಿಕೊಂಡ ಬಿಳಿ ಕೂದಲನ್ನು ಕಿತ್ತುಹಾಕಲೋ ಬೇಡವೋ ಎಂದು ಯೋಚಿಸಿದಳು. ಅಂಥ ಒಂದು ಭಾನುವಾರ ಬೆಳಗ್ಗೆ ಅವನ ಫೋನು ಬಂತು.

"ಬೈಬೇಡ ಕಣೇ. ಇನ್ನೊಂದು ಅವಧಿಗೆ ಸಹಿ ಹಾಕ್ಬಿಟ್ಟೆ."

"ಯಾಕೆ ರೀ?"

"ಬದಲಿ ಅಡುಗೆಯವನು ಬರಲಿಲ್ಲ. ಕ್ಯಾಪ್ಟನ್ ಕೇಳಿದ್ರು. ಆಗಲ್ಲ ಅಂತ ಹೇಳೋಣ ಅಂತಾನೇ ಇದ್ದೆ. ಆಮೇಲೆ ನಿನ್ನ ಮಿಕ್ಸಿ ಬರಹ ಓದ್ದೆ. ನೀನು, ಅಮ್ಮ, ಇಬ್ಬರೂ ಎಷ್ಟು ಖುಷಿಯಾಗಿದೀರಿ! ಮನೆ ನಗ್ತಾ ಇದೆ, ಇನ್ನು ನನಗೇನು ಚಿಂತೆ ಅನ್ನಿಸ್ತು. ನಿಜ ಹೇಳ್ತೀನಿ, ನಿನ್ನ ಧೈರ್ಯದ ಮೇಲೇ ಸಹಿ ಹಾಕಿದ್ದು."

ಅವಳು ಬಿಸಿಲಿನಲ್ಲಿದ್ದ ಹೊದಿಕೆಗಳತ್ತ ನೋಡಿದಳು. ಆದರೂ ನಾಲಿಗೆ ರೂಢಿಯಂತೆ ಓಡಿತು. "ಒಳ್ಳೇದಾಯ್ತು ಬಿಡಿ, ನಿಮ್ಮ ಗೊರಕೆ ಇನ್ನಷ್ಟು ದಿನ ಹಡಗಿನೋರ ಪಾಲಿಗೆ."

ಅವನು ನಕ್ಕ. ಯಾವ ನಗುವಿಗಾಗಿ ಇಷ್ಟೆಲ್ಲ ಬರೆದಳೋ ಅದೇ ನಗು, ಪೂರ್ತಿಯಾಗಿ, ಸ್ಪಷ್ಟವಾಗಿ ಬಂತು. ಅವಳಿಗೆ ಕೇಳಲಾಗಲಿಲ್ಲ. ಒಲೆಯ ಮೇಲೆ ಏನೋ ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ಫೋನಿಟ್ಟಳು.

ಆಮೇಲೆ ಬರೆಯಲಿಲ್ಲ. ಓದುವವರು 'ಎಲ್ಲಿ ಹೋದಿರಿ' ಎಂದು ಕೇಳುತ್ತಿದ್ದರು. ಲ್ಯಾಬಿನಲ್ಲಿ ಮೇಣ ಹೆಚ್ಚು ಕಾದು ಹಲ್ಲುಗಳು ಜಾರಿದವು. ಮನೆಯಲ್ಲಿ ಅವಳೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡದೆ ಊಟ ಮುಗಿಸುತ್ತಿದ್ದರು. ಒಣಗಿಸಿದ ಹೊದಿಕೆಗಳನ್ನು ಮಡಚುತ್ತಾ ಅತ್ತೆ ಒಂದು ಸಂಜೆ ಬಾಯಿ ತೆರೆದರು.

"ಅವನನ್ನ ಬೈಕೋಬೇಡ ಕಣಮ್ಮ. ನೀನು ಬರೆದಿದ್ದನ್ನೇ ಅವನು ನಂಬಿದ."

"ಬರೆದಿದ್ದು ಸುಳ್ಳಲ್ವಲ್ಲ ಅತ್ತೆ."

"ಸುಳ್ಳಲ್ಲ. ಮಿಕ್ಸಿಗೆ ನಾನು ಹೆದರಿದ್ದು ನಿಜ. ನಕ್ಕಿದ್ದೂ ನಿಜ. ಆಮೇಲೆ ಅವನಿದ್ದಿದ್ರೆ ಎಷ್ಟು ನಗ್ತಿದ್ದ ಅಂತ ಇಬ್ಬರೂ ಸುಮ್ನೆ ಕೂತ್ವಲ್ಲ, ಅದನ್ನ ನೀನು ಬರೀಲಿಲ್ಲ."

ಮುಂದಿನ ವಾರ ಒಂದು ದಿನ ರಜೆ ಸಿಕ್ಕಿತು. ಅವಳು ಕಿಟಕಿಯ ಬಳಿ ಕೂತು ಬರೆಯಲು ಹೊರಟಳು. 'ನೀವಿಲ್ಲದೆ ಮನೆ ಬಿಕೋ ಎನ್ನುತ್ತಿದೆ' ಎಂದು ಶುರು ಮಾಡಿ ಒಂದು ಪುಟ ತುಂಬಿಸಿದಳು. ಓದಿ ನೋಡಿದರೆ ಯಾರೋ ಬೇರೆಯವರ ಕಣ್ಣೀರು ಅನ್ನಿಸಿತು. ಅದನ್ನು ಅಳಿಸಿದಳು. ಅವನ ಮುಂದೆ ತಾನು ಹಾಗೆ ಮಾತಾಡುವವಳೇ ಅಲ್ಲ. ಎದುರಿಗೆ ಅವನು ಕೂತಿದ್ದಾನೆ ಎಂದುಕೊಂಡು ಮತ್ತೆ ಮೊದಲಿನಿಂದ ಬರೆದಳು.

"ಮಂಚದಲ್ಲಿ ನಾನು ಈಗಲೂ ನನ್ನ ಅರ್ಧದಲ್ಲೇ ಮಲಗುತ್ತೇನೆ. ಸಾಹೇಬರ ಅರ್ಧದಲ್ಲಿ ಇಸ್ತ್ರಿ ಮಾಡದ ಬಟ್ಟೆಗಳ ರಾಶಿ ಮಲಗುತ್ತದೆ. ಸಾಧು ರಾಶಿ. ಹೊದಿಕೆ ಎಳೆಯುವುದಿಲ್ಲ, ಗೊರಕೆ ಹೊಡೆಯುವುದಿಲ್ಲ. ಅದಕ್ಕೇ ನನಗೆ ನಿದ್ದೆ ಬರುವುದಿಲ್ಲ.

"ಊರವರ ಹಲ್ಲೆಲ್ಲ ನನಗೆ ಬಾಯಿಪಾಠ. ಯಾರ ದವಡೆ ಎಲ್ಲಿ ಸವೆದಿದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ನಿನ್ನೆ ಲ್ಯಾಬಿನಲ್ಲಿ ಕೂತಿದ್ದಾಗ ಇದ್ದಕ್ಕಿದ್ದಂತೆ ಒಂದು ಅನುಮಾನ ಬಂತು. ನಮ್ಮ ಸಾಹೇಬರ ಮುಂದಿನ ಸೊಟ್ಟ ಹಲ್ಲು ಎಡಕ್ಕಿದೆಯೋ ಬಲಕ್ಕಿದೆಯೋ? ನೆನಪಾಗಲಿಲ್ಲ. ಕೈಯಲ್ಲಿದ್ದ ಮೇಣ ಆರಿಹೋಯಿತು.

"ಮನೆಗೆ ಬಂದು ಅತ್ತೆಯನ್ನು ಕೇಳಿದೆ. ಹೆತ್ತ ತಾಯಲ್ಲವೇ, ಎಡ ಎಂದರು. ಅವರ ಎಡವೋ ನೋಡುವವರ ಎಡವೋ ಎಂದೆ. ಅತ್ತೆಗೂ ಗೊಂದಲ. ಅಡುಗೆಮನೆಯಲ್ಲಿ ಇಬ್ಬರೂ ಎದುರುಬದುರು ನಿಂತು, ಬಾಯಿ ತೆರೆದು, ಒಬ್ಬರ ಹಲ್ಲಿಗೆ ಒಬ್ಬರು ಬೆರಳಿಟ್ಟು ಲೆಕ್ಕ ಹಾಕಿದೆವು. ಹಾಲಿನವನು ಬಂದು ನೋಡಿ, ಹಾಲು ಬಾಗಿಲಲ್ಲೇ ಇಟ್ಟು ಓಡಿದ. ಕೊನೆಗೆ ಫೋಟೋಗಳನ್ನು ಹರಡಿಕೊಂಡು ಕೂತೆವು. ಮದುವೆಯದ್ದು, ಹಡಗಿನದ್ದು, ಎಲ್ಲದರಲ್ಲೂ ಸಾಹೇಬರು ಬಾಯಿ ಬಿಗಿಯಾಗಿ ಮುಚ್ಚಿದ್ದಾರೆ. ಸೊಟ್ಟ ಹಲ್ಲು ಕಾಣಬಾರದೆಂದು! ಅವರು ಬಾಯಿ ತೆರೆಯುವುದು ನಕ್ಕಾಗ ಮಾತ್ರ. ನಗುವಾಗ ಫೋಟೋ ತೆಗೆಯಬೇಕೆಂದು ನನಗೆ ಯಾವತ್ತೂ ಹೊಳೆದಿಲ್ಲ. ಆಗ ನಾನೂ ನಗುತ್ತಿರುತ್ತೇನೆ."

ಅಲ್ಲಿಗೆ ನಿಲ್ಲಿಸಿದಳು. ಕೊನೆಗೊಂದು ಬುದ್ಧಿಮಾತೋ ಬೇಡಿಕೆಯೋ ಸೇರಿಸಲು ಕೈ ಹೋಯಿತು. ಸೇರಿಸಲಿಲ್ಲ. ಅತ್ತೆಗೆ ಓದಿ ಹೇಳಿದಳು. ಅತ್ತೆ ಹಾಲಿನವನ ಮಾತಿಗೆ ನಕ್ಕರು. ನಗುತ್ತಲೇ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಬರಹದ ಕೆಳಗೆ ಪರಊರಿನವರೆಲ್ಲ ಎಡ, ಬಲ ಎಂದು ಪಂದ್ಯ ಕಟ್ಟಿದರು. ಕೆಲವರು ತಮ್ಮ ತಮ್ಮ ಮನೆಯಲ್ಲಿಲ್ಲದವರ ಬಗ್ಗೆ ಬರೆದರು: ಒಬ್ಬಳಿಗೆ ತಂಗಿಯ ಕೆನ್ನೆಯ ಮಚ್ಚೆ ಯಾವ ಕಡೆಯೆಂದು ಮರೆತಿತ್ತು, ಒಬ್ಬರಿಗೆ ಅಪ್ಪ ಯಾವ ಕೈಯಲ್ಲಿ ಗಡಿಯಾರ ಕಟ್ಟುತ್ತಿದ್ದರೆಂದು. ಹಡಗಿನಿಂದ ಮಾತ್ರ ಏನೂ ಬರಲಿಲ್ಲ. ಸಂಪರ್ಕ ಸಿಕ್ಕಿಲ್ಲವೋ, ಮನಸ್ಸಿಗೆ ನೋವಾಯಿತೋ ಎಂದು ಅವಳು ದಿನವೂ ಬಸ್ಸಿನಲ್ಲಿ ಪುಟ ತೆರೆದು ನೋಡುತ್ತಿದ್ದಳು. ತಾನು ನಿಲ್ಲಿಸಿದ ಜಾಗದಲ್ಲಿ ಇನ್ನೊಂದು ಸಾಲು ಇರಬೇಕಿತ್ತೇನೋ ಎಂದೂ ಅನ್ನಿಸುತ್ತಿತ್ತು.

ಕೊನೆಗೆ ಅವನ ಸಾಲುಗಳು ಬಂದವು.

"ಊಟದ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಹಾಲಿನವನ ತನಕ ಎಲ್ಲರೂ ನಕ್ಕರು. ಫೋಟೋ ಬಂದ ಮೇಲೆ ನನಗೆ ಓದಲಾಗಲಿಲ್ಲ. ಎಂಜಿನ್ ಮೇಸ್ತ್ರಿ ಅಭಿನಯ ಮಾಡು ಎಂದ. ಮಾಡಲಿಲ್ಲ. ಕನ್ನಡಿ ನೋಡಿಕೊಂಡೆ. ಕನ್ನಡಿಯಲ್ಲಿ ಎಲ್ಲ ತಿರುಗಾಮುರುಗಾ, ನಂಬೋಕಾಗಲ್ಲ. ನೀನೇ ನೋಡಿ ಹೇಳಬೇಕು. ಕ್ಯಾಪ್ಟನ್ ಹತ್ರ ಮಾತಾಡಿದೀನಿ."

ಮಾತಾಡಿದ್ದು ಕೂಡಲೇ ಕೈಗೂಡಲಿಲ್ಲ. ಸಹಿ ಹಾಕಿದ ಕಾಗದ ಸಹಿ ಹಾಕಿದ ಕಾಗದವೇ. ಬದಲಿಯವನು ಸಿಕ್ಕ ಎಂದರು, ಮತ್ತೆ ಇಲ್ಲ ಎಂದರು. ಇನ್ನೊಬ್ಬನಿಗೆ ವೈದ್ಯರ ಪರೀಕ್ಷೆ ಮುಗಿಯಬೇಕಿತ್ತು. ಕೊನೆಗೆ ಒಂದು ಮಧ್ಯಾಹ್ನ ಅವಳು ಲ್ಯಾಬಿನಲ್ಲಿದ್ದಾಗ ಫೋನು ಬಂತು. ಪ್ಲಾಸ್ಟರ್ ಮೆತ್ತಿದ ಕೈಯಲ್ಲೇ ಎತ್ತಿದಳು.

"ಮುಂದಿನ ಬಂದರಲ್ಲಿ ಹೊಸ ಅಡುಗೆಯವನು ಹತ್ತುತ್ತಾನೆ, ನಾನು ಇಳೀತೀನಿ. ಯಾವತ್ತು ಅಂತ ಸಮುದ್ರ ಹೇಳಬೇಕು."

ಅವಳು ಸ್ಪಿರಿಟ್ ದೀಪ ಆರಿಸಿ ಕುರ್ಚಿಯಲ್ಲಿ ಕೂತಳು. ಲೈನು ಹೋಗಿಲ್ಲವೆಂದು ಇಬ್ಬರಿಗೂ ಉಸಿರಿನಿಂದ ಗೊತ್ತಾಗುತ್ತಿತ್ತು.

"ಅಲ್ಲೀವರೆಗೂ ಬರೀತಾ ಇರು" ಎಂದ ಅವನು.

"ಬರೆಯಲ್ಲ" ಎಂದಳು. "ಇನ್ನು ಆಗೋದನ್ನೆಲ್ಲ ಎತ್ತಿಟ್ಟಿರ್ತೀನಿ. ಬಂದು ಕೇಳಿ."

ಅಂದು ಸಂಜೆ ಕ್ಲಿನಿಕ್ಕು ಮುಚ್ಚುವ ಹೊತ್ತಿಗೆ, ಬಾಯಿ ಮರಗಟ್ಟಿದ್ದ ಒಬ್ಬ ದಪ್ಪ ಮನುಷ್ಯ ದಂತವೈದ್ಯರಿಗೆ ಏನೋ ಕೃತಜ್ಞತೆ ಹೇಳಲು ಹೋದ. ವೈದ್ಯರು ಅದನ್ನು ಬೈಗುಳವೆಂದು ತಿಳಿದು ಕೆಂಪಾದರು. ಮನುಷ್ಯ ಸರಿಪಡಿಸಲು ಇನ್ನೂ ಜೋರಾಗಿ ಹೇಳಿದ, ವೈದ್ಯರು ಇನ್ನೂ ಕೆಂಪಾದರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಅವಳು ಬಾಯಿಗೆ ಕೈ ಒತ್ತಿಕೊಂಡಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಅದು ಮತ್ತೆ ನೆನಪಾಯಿತು. ಹೇಗೆ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲ ತಾನಾಗಿಯೇ ಜೋಡಿಸಿಕೊಂಡಿತು. ತುಟಿಯ ತುದಿಗೆ ನಗು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನು ಎಂಬಂತೆ ನೋಡಿದಳು. ಇವಳು ತಲೆಯಲ್ಲಾಡಿಸಿ, ತುಟಿ ಬಿಗಿಹಿಡಿದು, ಹೊರಗೆ ಓಡುವ ದೀಪಗಳನ್ನು ನೋಡುತ್ತಾ ಮನೆಯವರೆಗೂ ಅದನ್ನು ಹಾಗೇ ಹಿಡಿದುಕೊಂಡು ಹೋದಳು.