ಪೆಟ್ರೋಲ್ ಇಳಿಯುವ ತನಕ

ಇಂದಿರಾ ಒಳ್ಳೆಯವಳೇ, ಇಲ್ಲವೆನ್ನುವುದಿಲ್ಲ. ಮೈಸೂರಿನವಳು, ನಮ್ಮವರ ಆಫೀಸಿನಲ್ಲೇ ಕೆಲಸ, ದಿಲ್ಲಿಯ ಲೋಧಿ ಕಾಲೋನಿಯಲ್ಲಿ ನಮ್ಮ ಹಿಂದಿನ ಬ್ಲಾಕಿನಲ್ಲೇ ಕ್ವಾರ್ಟರ್ಸು. ಪಾಪ, ಗಂಡನಿಗೆ ಗುವಾಹಟಿಗೆ ವರ್ಗವಾಗಿತ್ತು. ಅದಕ್ಕೆ ನಾನೇನು ಮಾಡಲಿ? ಅವಳ ಗಂಡ ಗುವಾಹಟಿಯಲ್ಲಿದ್ದರೆ ನನ್ನ ಗಂಡ ಹೋಗಿ ಅವಳ ಪಕ್ಕದ ಸೀಟಿನಲ್ಲಿ ಕೂರಬೇಕೆ?

ಶುರುವಾದದ್ದು ಎರಡು ಸಾವಿರದ ಎಂಟರ ಜೂನಿನಲ್ಲಿ. ಪೆಟ್ರೋಲ್ ಒಂದೇ ಏಟಿಗೆ ಐದು ರೂಪಾಯಿ ಏರಿತು. ಅಲ್ಲಿಯ ತನಕ ನಮ್ಮವರು ದಿನಾ ನನ್ನನ್ನು ಸ್ಕೂಟರಿನಲ್ಲಿ ಆರ್.ಕೆ. ಪುರದ ನನ್ನ ಆಫೀಸಿಗೆ ಬಿಟ್ಟು, ಮತ್ತೆ ಅಷ್ಟು ದೂರ ತಿರುಗಿ ಶಾಸ್ತ್ರಿ ಭವನದ ತಮ್ಮ ಆಫೀಸಿಗೆ ಹೋಗುತ್ತಿದ್ದರು. ಇವರ ಹೆಸರು ದಕ್ಷಿಣಾಮೂರ್ತಿ. ಹೆಸರಿಗೆ ತಕ್ಕ ಮೌನಿ. ಮನೆಯಲ್ಲಿ 'ಹೂಂ', 'ಊಹೂಂ', 'ಉಪ್ಪು', ಮುಗಿಯಿತು ಮಾತು. ಮಿಕ್ಕ ಹೊತ್ತೆಲ್ಲ ಪೇಪರಿನ ಹಿಂದೆ.

ಆದರೆ ಸ್ಕೂಟರಿನ ಮೇಲೆ ಬೇರೆಯೇ ಮನುಷ್ಯ. ದಿಲ್ಲಿಯಲ್ಲಿ ಸಿಗ್ನಲ್ಲಿಗೆ ರೆಡ್ ಲೈಟ್ ಎನ್ನುತ್ತಾರೆ. ಕಾಲೋನಿ ದಾಟಿದ ಕೂಡಲೇ ಒಂದು, ಮುಂದೆ ಇನ್ನೂ ಮೂರ್ನಾಲ್ಕು. ಪೆಟ್ರೋಲ್ ಉಳಿಯಲಿ ಎಂದು ಇವರು ರೆಡ್ ಲೈಟಿನಲ್ಲಿ ಇಂಜಿನ್ ಆರಿಸಿಬಿಡುತ್ತಿದ್ದರು. ಗಾಡಿಯ ಬಾಯಿ ಮುಚ್ಚಿದ ಕೂಡಲೇ ಇವರ ಬಾಯಿ ತೆರೆಯುತ್ತಿತ್ತು. ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಆಫೀಸಿನಲ್ಲಿ ಮೇಲಿನವನು ಹೇಗೆ ಬೈದ, ತಾನು ಹೇಗೆ ನುಂಗಿಕೊಂಡೆ, ಶಿವಮೊಗ್ಗದಲ್ಲಿ ಅಮ್ಮನ ಮೊಣಕಾಲು ಹೇಗಿದೆ, ಪ್ರಮೋಷನ್ ಯಾಕೆ ಬರುತ್ತಿಲ್ಲ, ಎಲ್ಲವನ್ನೂ ಹೇಳುತ್ತಿದ್ದರು. ನನ್ನ ಸಂಸಾರ ನಡೆಯುತ್ತಿದ್ದದ್ದೇ ಅಲ್ಲಿ. ಹಸಿರು ದೀಪ ಬಂದರೆ ನನಗೆ ಬೇಜಾರಾಗುತ್ತಿತ್ತು.

ಬೆಲೆ ಏರಿದ ವಾರದಲ್ಲೇ ಒಂದು ಸಂಜೆ ಇವರು ಪೇಪರು ಕೆಳಗಿಟ್ಟರು.

“ನಾಳೆಯಿಂದ ಇಂದಿರಾ ಅವರ ಕಾರಲ್ಲಿ ಹೋಗ್ತೀನಿ. ನಾಲ್ಕು ಜನಕ್ಕೆ ಒಂದೇ ಗಾಡಿ. ನಿನಗೆ ಹೇಗೂ ನೇರ ಬಸ್ಸಿದೆಯಲ್ಲ.”

“ಅಷ್ಟೊಂದು ಗತಿಗೆಟ್ಟಿದ್ದೀವೇನ್ರೀ?”

“ಗತಿಗೆಡೋ ಪ್ರಶ್ನೆ ಅಲ್ಲ ಕಣೇ. ನಿನ್ನನ್ನ ಬಿಟ್ಟು ಸುತ್ತಿ ಹೋಗೋದೇ ದೊಡ್ಡ ದಂಡ. ಜನ ಕಡಿಮೆ ಬಳಸಿದ್ರೆ ಬೇಡಿಕೆ ಇಳಿಯುತ್ತೆ, ಬೇಡಿಕೆ ಇಳಿದ್ರೆ ಬೆಲೆ ಇಳೀಲೇಬೇಕು. ಇಂದಿರಾ ಅವರು ಎಷ್ಟು ಚೆನ್ನಾಗಿ ಹೇಳಿದ್ರು ಗೊತ್ತಾ!”

“ಎಷ್ಟು ದಿನ ಈ ಸಮಾಜಸೇವೆ?”

“ಬೆಲೆ ಇಳಿಯೋ ತನಕ.”

ನಾನು ದಂಡವಂತೆ, ಅವಳು ಚೆನ್ನಾಗಿ ಹೇಳುತ್ತಾಳಂತೆ! ಆದರೂ ಆ ಕೊನೆಯ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡೆ.

ಮರುದಿನದಿಂದ ಬಸ್ ಸ್ಟಾಪಿನಲ್ಲಿ ನಿಂತು ನೋಡುವುದೇ ನನ್ನ ಪಾಡಾಯಿತು. ಬಿಳಿ ಕಾರು ಎದುರಿಗೇ ಹಾದುಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ಇಬ್ಬರು ಬಂಗಾಳಿಗಳು, ಅವರ ಮಾತು ಅವರಿಗೆ. ಮುಂದೆ ಇವರಿಬ್ಬರು, ಇವರ ಕನ್ನಡ ಇವರಿಗೆ. ಇವರು ಕೈ ಆಡಿಸಿ ಏನೋ ಹೇಳುತ್ತಿದ್ದರು, ಅವಳು ನಗುತ್ತಿದ್ದಳು. ಮದುವೆಯಾದಾಗಿನಿಂದ ನಾನು ಇವರು ಕೈ ಆಡಿಸಿದ್ದನ್ನು ನೋಡಿರಲಿಲ್ಲ. ಅಲ್ಲಾ, ಸ್ಕೂಟರಿನ ಮೇಲೆ ಬೆನ್ನು ನೋಡಿಕೊಂಡೇ ಕೂತಿದ್ದವಳಿಗೆ ಮುಖ ನೋಡುವ ಭಾಗ್ಯವಾದರೂ ಎಲ್ಲಿತ್ತು?

ಸಾಲದ್ದಕ್ಕೆ ಒಂದು ದಿನ, “ನಿನ್ನ ಚಟ್ನಿಪುಡಿ ಅಂದ್ರೆ ಇಂದಿರಾಗೆ ಪ್ರಾಣ. ಒಂದು ಡಬ್ಬಿ ಕಟ್ಟಿಕೊಡು” ಎಂದರು. 'ಇಂದಿರಾ ಅವರು' ಯಾವಾಗ 'ಇಂದಿರಾ' ಆದಳೋ ದೇವರಿಗೇ ಗೊತ್ತು. ಕಟ್ಟಿಕೊಟ್ಟೆ. ಮೆಣಸಿನಕಾಯಿ ಎರಡು ಹಿಡಿ ಜಾಸ್ತಿ ಹಾಕಿ ಕುಟ್ಟಿದ್ದೆ. ಸಂಜೆ ಬಂದು, “ಖಾರ ಅಂದ್ರೆ ಅವರಿಗೆ ತುಂಬಾ ಇಷ್ಟವಂತೆ, ಇನ್ನೊಂದು ಡಬ್ಬಿ ಕೇಳಿದ್ದಾರೆ” ಎಂದರು.

ಅವತ್ತೇ ತೀರ್ಮಾನ ಮಾಡಿದೆ. ಬೆಲೆ ಇಳಿಯುವ ತನಕ ತಾನೇ? ಹಾಗಾದರೆ ನಾನೇ ಇಳಿಸುತ್ತೇನೆ.

ಶುಕ್ರವಾರದ ಲಲಿತಾ ಸಹಸ್ರನಾಮಕ್ಕೆ ಕಾಲೋನಿಯ ಕನ್ನಡದ ಹೆಂಗಸರೆಲ್ಲ ಸೇರುತ್ತಿದ್ದೆವು. ಮಂಗಳಾರತಿ ಆದ ಮೇಲೆ ಎಲ್ಲರನ್ನೂ ಕೂರಿಸಿಕೊಂಡೆ. ವಾರಕ್ಕೆರಡು ದಿನವಾದರೂ ನಿಮ್ಮ ನಿಮ್ಮ ಗಂಡಂದಿರ ಗಾಡಿ ನಿಲ್ಲಿಸಿ, ತಾಯಿಯ ಎದುರು ಮಾತು ಕೊಡಿ ಎಂದೆ. ಕುಂಕುಮ ಕೈಯಲ್ಲಿ ಹಿಡಿದುಕೊಂಡು ಇಲ್ಲವೆನ್ನುವುದಕ್ಕೆ ಯಾರಿಗೆ ಧೈರ್ಯ? ಒಬ್ಬಳು ಗಂಡನ ಬೈಕಿನ ಕೀಲಿಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಳಂತೆ. ತರಕಾರಿಗೆ ಸ್ಕೂಟರಿನಲ್ಲಿ ಹೋಗುವವರನ್ನು ನಾನೇ ರಸ್ತೆಯಲ್ಲಿ ತಡೆದು ನಿಲ್ಲಿಸಿದೆ. ಇಡೀ ಕಾಲೋನಿ ನನ್ನನ್ನು ದೊಡ್ಡ ದೇಶಭಕ್ತೆ ಎಂದುಕೊಂಡಿತು.

ಕೆಳಗಿನ ಮನೆಯ ದೇವೇಂದ್ರಪ್ಪನವರು ಹಣಕಾಸು ಇಲಾಖೆಯವರು. ಅವರು ಮಾತ್ರ ನಕ್ಕರು.

“ವಿಮಲಮ್ಮ, ತೈಲದ ಬೆಲೆ ಹುಟ್ಟೋದು ಲೋಕದ ಸಂತೆಯಲ್ಲಿ, ಪಂಪಿನ ಬೆಲೆ ಬರೆಯೋದು ಸರ್ಕಾರ. ನಿಮ್ಮ ನಾಲ್ಕು ಸ್ಕೂಟರು ನಿಂತ್ರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.”

“ಎಲ್ಲರೂ ಸೇರಿದ್ರೆ?”

“ಲೋಕದಲ್ಲಿ ಎಲ್ಲರೂ ಸೇರಿದ್ರೆ ಇಳಿಯುತ್ತೆ, ನಿಜ. ಆದ್ರೆ ಎಲ್ಲರೂ ಯಾವತ್ತಮ್ಮ ಸೇರಿದ್ದಾರೆ?”

ಅವರ ಹೆಂಡತಿ ಅವರ ಪಕ್ಕದಲ್ಲೇ ಕೂತಿದ್ದರು. ಅವರಿಬ್ಬರಿಗೇನು ಗೊತ್ತು ನನ್ನ ಸಂಕಟ! ದಿನಾ ಬೆಳಿಗ್ಗೆ ಪೇಪರಿನಲ್ಲಿ ನಾನು ಮೊದಲು ಹುಡುಕುತ್ತಿದ್ದದ್ದು ಪೆಟ್ರೋಲಿನ ಸುದ್ದಿಯನ್ನು. ದೀಪಾವಳಿ ಬಂತು, ಹೋಯಿತು. ಬೆಲೆ ಅಲ್ಲಾಡಲಿಲ್ಲ. ಬಿಳಿ ಕಾರಿನಲ್ಲಿ ನಗು ಜಾಸ್ತಿಯೇ ಆಗಿತ್ತು.

ಡಿಸೆಂಬರಿನ ಮೊದಲ ವಾರ ಬಂತು ನೋಡಿ ಸುದ್ದಿ. ಏರಿದಷ್ಟೇ, ಐದು ರೂಪಾಯಿ ಇಳಿದಿತ್ತು! ಪೇಪರನ್ನು ಇವರ ಮುಂದೆ ಹರಡಿ ನಿಂತೆ.

“ಅದು ನಿನ್ನಿಂದಲ್ಲ ಕಣೇ,” ಎಂದರು. “ಅಮೆರಿಕದಲ್ಲಿ ಬ್ಯಾಂಕು ಮುಳುಗಿದ್ವು, ಎಲ್ಲ ಕಡೆ ಫ್ಯಾಕ್ಟರಿ ನಿಂತ್ವು. ಎಣ್ಣೆ ಕೇಳೋರೇ ಇಲ್ಲ.”

“ಅಂದ್ರೆ ಜನ ಕಡಿಮೆ ಬಳಸಿದ್ರು ಅಂತ ತಾನೇ?”

“ಬೇಕು ಅಂತ ಬಿಟ್ಟಿದ್ದಲ್ಲ, ಗತಿಯಿಲ್ಲದೆ ಬಿಟ್ಟಿದ್ದು.”

“ನಾನೇನು ಬೇಕು ಅಂತ ಬಿಟ್ಟಿದ್ನಾ? ಅದೆಲ್ಲ ಬೇಡ. ಇಳಿಯೋ ತನಕ ಅಂದಿದ್ರಿ. ಇಳಿದಿದೆ. ಸೋಮವಾರ ಸ್ಕೂಟರು ತೆಗೀರಿ.”

ಇವರು ನನ್ನ ಮುಖ ನೋಡಿ, ಸ್ಕೂಟರಿನ ಕೀಲಿ ಹುಡುಕಲು ಎದ್ದರು.

ಸೋಮವಾರ ಮೈಸೂರು ಸಿಲ್ಕ್ ಉಟ್ಟೆ, ನಗಬೇಡಿ. ಚಳಿಗೆ ಮೇಲೊಂದು ಶಾಲು. ಸ್ಕೂಟರು ಎಷ್ಟೋ ಒದ್ದ ಮೇಲೆ ಶುರುವಾಯಿತು. ಇವರ ಹೆಗಲ ಮೇಲೆ ಕೈಯಿಟ್ಟು ಕೂತಾಗ ಗೆದ್ದುಬಿಟ್ಟೆ ಎನಿಸಿತು. ಕಾಲೋನಿ ದಾಟಿದೆವು, ರೆಡ್ ಲೈಟ್ ಬಂತು, ಇಂಜಿನ್ ಆರಿಸಿದರು. ನಾನು ಕಿವಿಯ ಮೇಲಿನ ಶಾಲು ಸರಿಸಿ ಮುಂದಕ್ಕೆ ಬಾಗಿದೆ.

ಇವರು ಸುಮ್ಮನೆ ದೀಪ ನೋಡುತ್ತಿದ್ದರು.

“ಏನ್ರೀ ಆಫೀಸಿನ ಸುದ್ದಿ?”

“ಏನಿಲ್ಲ.”

“ಅಮ್ಮ ಹೇಗಿದ್ದಾರಂತೆ?”

“ಹೂಂ.”

ಅಷ್ಟರಲ್ಲಿ ಪಕ್ಕಕ್ಕೆ ಬಿಳಿ ಕಾರು ಬಂದು ನಿಂತಿತು. ಅವಳೂ ಇಂಜಿನ್ ಆರಿಸಿದಳು. ಗಾಜು ಇಳಿಯಿತು. “ನಮಸ್ಕಾರ ವಿಮಲಾ ಅವರೇ! ಚಟ್ನಿಪುಡಿ ಮುಗೀತು ರೀ!” ಎಂದು ನಕ್ಕಳು. ನಾನು ಬಾಯಿ ತೆರೆಯುವ ಮೊದಲೇ ಇವರು ಅತ್ತ ಬಾಗಿದರು. ಕೈ ಆಡುತ್ತಿತ್ತು.

“ಅಯ್ಯೋ, ನಿಮಗೆ ಹೇಳೋದೇ ಮರೆತೆ! ಅಮ್ಮನಿಗೆ ಆಪರೇಷನ್ ಬೇಡವಂತೆ. ಡಾಕ್ಟರು ನಿನ್ನೆ ಫೋನ್ ಮಾಡಿದ್ರು. ನೀವು ಹೇಳಿದ ಹಾಗೇ ಆಯ್ತು ನೋಡಿ.”

“ಅಬ್ಬ! ನನಗೂ ಅದೇ ಯೋಚನೆ ಆಗಿತ್ತು ಮೂರ್ತಿಯವರೇ. ಈಗ ನೀವು ನೆಮ್ಮದಿಯಾಗಿ ನಿದ್ದೆ ಮಾಡಿ.”

ದೀಪ ಹಸಿರಾಯಿತು. ಅವಳು ಕೈಬೀಸಿ ಬಲಕ್ಕೆ ತಿರುಗಿದಳು. ಇವರು ಕಿಕ್ ಮೇಲೆ ಕಾಲಿಟ್ಟರು.

“ಯಾರಿಗ್ರೀ ಆಪರೇಷನ್?” ಎಂದೆ.

“ಅಮ್ಮನಿಗೆ, ಮೊಣಕಾಲಿಗೆ. ನಿನಗೆ ಹೇಳಿರ್ಲಿಲ್ವಾ?” ಇವರು ನಿಜವಾಗಿಯೂ ಆಶ್ಚರ್ಯಪಟ್ಟು ತಿರುಗಿದರು. “ಹೇಳಿದ ಹಾಗಿತ್ತಲ್ಲ...”

“ಹೇಳಿದ್ದೀರಿ. ಅವಳಿಗೆ.”

ನಿದ್ದೆ ಬರದೆ ಇವರು ಹೊರಳಾಡಿದ ರಾತ್ರಿಗಳಲ್ಲಿ ಪಕ್ಕದಲ್ಲಿ ಮಲಗಿದ್ದವಳು ನಾನು. ಸೆಕೆ ಎಂದುಕೊಂಡಿದ್ದೆ. ಅಲ್ಲೇ ಇಳಿದು ನಡೆದುಬಿಡೋಣ ಎನಿಸಿತು. ಆದರೆ ಇಳಿಯಲಿಲ್ಲ. ಬಗ್ಗಿ ಕೀಲಿ ಕಿತ್ತುಕೊಂಡು ಮುಷ್ಟಿಯಲ್ಲಿ ಹಿಡಿದೆ. ಹಿಂದೆ ಬಸ್ಸು, ಆಟೋ, ಕಾರು ಎಲ್ಲ ಒಟ್ಟಿಗೆ ಹಾರನ್ ಹೊಡೆಯತೊಡಗಿದವು. ಆಟೋದವನು, “ಅರೇ ಭಾಯೀಸಾಬ್, ಚಲೋ!” ಎಂದು ಕೂಗಿದ.

“ಏನೇ ಇದು, ಹಸಿರು ಬಂದಿದೆ, ಕೀಲಿ ಕೊಡೇ!”

“ಬರಲಿ. ಮೊದಲಿಂದ ಹೇಳಿ,” ಎಂದೆ. “ಜೂನಿನಿಂದ.”