ಕುರಿ ಸಂತೆಗೆ ಹೋದ ಬೋಂಡ

"ಲೇ ನಾಗಿ, ನಿಮ್ ತಾತ ಬೋಂಡನ್ನ ಮಾರಾಕ್ ತಂದವ್ರೆ ಕಣೇ! ಕುರಿ ಸಂತೆಗೆ!"

ಫೋನಿನಲ್ಲಿ ನನ್ನ ಗೆಳತಿ ರಂಜಿತ. ನಾನು ಹಲಗೂರಿನಿಂದ ಮಳವಳ್ಳಿ ಕಾಲೇಜಿಗೆ ಹೊರಟ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದಿದ್ದೆ.

"ನಾಯಿನ ಯಾರೇ ಕುರಿ ಸಂತೆಗ್ ತತ್ತಾರೆ? ರೀಲ್ ಬುಡ್ಬೇಡ."

"ನಮ್ಮಪ್ಪನ ಟೀ ಅಂಗಡಿ ಮುಂದೇನೆ ನಿಂತವ್ರೆ. ಎಲ್ಡು ಟಗರು, ಒಂದ್ ಬೋಂಡ. ಮೂರಕ್ಕೂ ಒಂದೇ ಥರ ಕೆಂಪು ಹಗ್ಗ. ದೂರದಿಂದ ಯಾವ್ದು ಕುರಿ, ಯಾವ್ದು ನಾಯಿ ಅಂತ್ಲೇ ಗೊತ್ತಾಯ್ತಿಲ್ಲ. ಬಿರ್‌ಬಿರ್ನೆ ಬಾ!"



ಬೋಂಡ ನಮ್ಮ ಮನೆಗೆ ಬಂದು ಹದಿನೈದು ದಿನವಾಗಿತ್ತು ಅಷ್ಟೆ. ಮಂಡ್ಯದಲ್ಲಿರುವ ಅಂಬರೀಶ್ ಚಿಕ್ಕಪ್ಪ ಬೇರೆ ಬಾಡಿಗೆ ಮನೆಗೆ ಹೋದರು. ಅಲ್ಲಿ ನಾಯಿ ಸಾಕುವ ಹಾಗಿಲ್ಲವಂತೆ. ಒಂದು ಭಾನುವಾರ ಸ್ಕೂಟರಿನ ಮುಂದೆ ಇವನನ್ನು ನಿಲ್ಲಿಸಿಕೊಂಡು ಬಂದು, "ಜಾಕ್ ರಸೆಲ್ ಟೆರಿಯರ್. ಬಿಲದೊಳಗಿರೋ ಪ್ರಾಣಿನ ಹೊರಗೆ ಹೊರಡ್ಸಕ್ಕೆ ಅಂತ್ಲೇ ಬೆಳೆಸಿರೋ ತಳಿ" ಎಂದು ನಮ್ಮ ಅಂಗಳದಲ್ಲಿ ಇಳಿಸಿಬಿಟ್ಟರು.

ನಮ್ಮ ತಾತ ಕೆಂಪಸಿದ್ದಯ್ಯ ಹುಟ್ಟಿದಾಗಿನಿಂದ ಬಂಡೂರು ಕುರಿ ಸಾಕಿದವರು. ನಾಯಿಯನ್ನೂ ಕುರಿಯಂತೆಯೇ ಪರೀಕ್ಷೆ ಮಾಡಿದರು. ಬಾಯಿ ಬಿಡಿಸಿ ಹಲ್ಲು ನೋಡಿದರು, ಬೆನ್ನು ಅಮುಕಿದರು, ಹಿಂದೆ ಕೂತು ತೊಡೆ ಅಳೆದರು. "ಮೈ ಬಿಳುಪು, ಮಖ ಕಂದು, ಕಾಲು ಗಿಡ್ಡ, ಬೆನ್ನು ಅಗಲ. ಟಗರಾಗಿ ಹುಟ್ಟಿದ್ರೆ ರಾಜ ಆಯ್ತಿದ್ದ. ಇರ್ಲಿ ಬುಡು. ಕುರಿ ತಂಟೆಗ್ ಬಂದ್ರೆ ಮಾತ್ರ ಮನೇಲ್ ಮಡೀಕಳಾಕಿಲ್ಲ" ಎಂದರು.

ಬೋಂಡ ಕುರಿ ತಂಟೆಗೆ ಹೋಗಲಿಲ್ಲ. ಬಟ್ಟೆ ಅಡಿಯಲ್ಲಿ ಏನಾದರೂ ಅಲ್ಲಾಡಿದರೆ ಮಾತ್ರ ಬಿಡುತ್ತಿರಲಿಲ್ಲ. ಕಂಬಳಿಯೊಳಗೆ ನನ್ನ ಕಾಲ್ಬೆರಳು ಅಲ್ಲಾಡಿದರೆ ನೆಗೆತ. ಅಜ್ಜಿ ಸೆರಗಿನೊಳಗೆ ಕೈ ಹಾಕಿ ಎಲೆಅಡಿಕೆ ಹುಡುಕಿದರೆ ನೆಗೆತ. ಇಂಥ ನಾಯಿಗೆ ದಿನವೂ ಕೆಲಸ ಕೊಡಬೇಕು, ಕೊಡದಿದ್ದರೆ ತಾನೇ ಹುಡುಕಿಕೊಳ್ಳುತ್ತದೆ ಎಂದು ನಾನು ಫೋನಿನಲ್ಲಿ ಓದಿದ್ದೆ. ಓದಿ ಸುಮ್ಮನಿದ್ದೆ, ಅದೇ ತಪ್ಪಾಯಿತು. ನಿನ್ನೆ ಅವನು ಯಾವುದೋ ಬಿಲದ ಜಾಡು ಹಿಡಿದು ಕುರಿದೊಡ್ಡಿಯ ಗೋಡೆ ಬುಡವನ್ನೇ ತೋಡಿಹಾಕಿದ. ಆ ಸಂದಿನಲ್ಲಿ ಎರಡು ಮರಿ ನುಸುಳಿ, ಪಕ್ಕದವರ ರಾಗಿ ಹೊಲ ಮೇಯ್ದವು. ತಾತ ಬೈಯಲಿಲ್ಲ. "ನಾಳೀಕ್ ನೋಡ್ಕತೀನಿ" ಎಂದರು. ಗೋಡೆಯನ್ನು ನೋಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ!

ಮಳವಳ್ಳಿ ಸಂತೆ ಹತ್ತಿರ ಬಸ್ಸು ನಿಲ್ಲುವ ಮೊದಲೇ ಹಾರಿ ಓಡಿದೆ. ಟೀ ಅಂಗಡಿ ಮುಂದೆ ಸಣ್ಣ ಗುಂಪು. ನಡುವೆ ತಾತ, ಅವರೆದುರು ದಲ್ಲಾಳಿ ಚಲುವರಾಜು. ಇಬ್ಬರ ಬಲಗೈಗಳ ಮೇಲೂ ಒಂದೇ ಟವೆಲ್ಲು. ಕುರಿ ಸಂತೆಯಲ್ಲಿ ರೇಟು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಎಷ್ಟು ಹಿಡಿದರೆ ಅದೇ ರೇಟಿನ ಲೆಕ್ಕ, ಬೆರಳು ಕೊಟ್ಟರೆ ವ್ಯಾಪಾರ ಆದ ಹಾಗೆ. ಟಗರುಗಳು ಆಗಲೇ ಬೇರೆಯವರ ಗೂಡ್ಸ್ ಆಟೋದಲ್ಲಿದ್ದವು. ಈಗ ಉಳಿದಿದ್ದವನು ಬೋಂಡ.

"ತಾತ, ಬ್ಯಾಡ!" ಎಂದು ಕೂಗಿದೆ. ಆ ಗಲಾಟೆಯಲ್ಲಿ ಯಾರಿಗೆ ಕೇಳಬೇಕು?

ಬೋಂಡನಿಗಂತೂ ಯಾವುದೂ ಬೇಕಿರಲಿಲ್ಲ. ಕತ್ತು ಓರೆ ಮಾಡಿ, ಮುಂಗಾಲೊಂದನ್ನು ಎತ್ತಿಕೊಂಡು ಟವೆಲ್ಲನ್ನೇ ನೋಡುತ್ತಿದ್ದ. ಅದರೊಳಗೆ ಏನೋ ಅಲ್ಲಾಡುತ್ತಿತ್ತಲ್ಲ!

ಒಂದೇ ನೆಗೆತ. ಹಗ್ಗ ತಾತನ ಎಡಗೈಯಿಂದ ಕಿತ್ತುಬಂತು, ಟವೆಲ್ಲು ಬೋಂಡನ ಬಾಯಲ್ಲಿ. ಹೆಗ್ಗಣ ಸಿಕ್ಕಿದಂತೆ ಎಡಕ್ಕೂ ಬಲಕ್ಕೂ ಪಟಪಟ ಒದರಿದ. ಚಲುವರಾಜು "ಅಯ್ಯಯ್ಯಪ್ಪೋ!" ಎಂದು ಹಿಂದಕ್ಕೆ ಸರಿದ. ಸಂತೆಗೆ ಸಂತೆಯೇ ನಕ್ಕಿತು.

ಆಮೇಲೆ ಎಲ್ಲರ ಕಣ್ಣೂ ತಾತನ ಕೈ ಮೇಲೆ ಬಿತ್ತು. ಟವೆಲ್ಲಿಲ್ಲದ ಬಲಗೈ ಇನ್ನೂ ಮುಂದಕ್ಕೇ ಚಾಚಿಕೊಂಡಿತ್ತು. ಬೆರಳು ಒಂದೂ ಕಾಣಲಿಲ್ಲ. ಬಿಗಿಮುಷ್ಟಿ.

"ನೋಡವ್ವ ನಿಮ್ ತಾತನ್ನ! ಆಗಿಂದ ಬೆರಳೇ ಬುಡ್ತಿಲ್ಲ. ನಂಗೂ ಮುಷ್ಟಿ ಬಿಚ್ಚಿ ಬಿಚ್ಚಿ ಸಾಕಾಯ್ತು. ಕೆಂಪಸಿದ್ದಣ್ಣ, ಮಾರಾಕಿಲ್ಲ ಅಂದ್ಮೇಲೆ ಯಾಕ್ ತಂದೆ ಮಾರಾಯ?" ಎಂದ ಚಲುವರಾಜು.

ತಾತ ಆ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. "ವಯಸ್ಸಾಯ್ತಲ್ಲಪ್ಪ, ಬೆರಳು ಹಿಡ್ಕಂಡವೆ."

"ಬೆಳಿಗ್ಗೆ ಮುದ್ದೆ ಮುರಿವಾಗ ನೆಟ್ಟಗಿದ್ವು, ತಾತ!" ಎಂದೆ ನಾನು, ಮೂಗು ಒರೆಸಿಕೊಳ್ಳುತ್ತಾ.

"ನೀನ್ಯಾಕಮ್ಮಿ ಇಲ್ಲಿ? ಕಾಲೇಜಿಗ್ ಓಗು" ಎಂದು ಗದರಿದರು. ದನಿಯಲ್ಲಿ ಗದರಿಕೆ ಇರಲಿಲ್ಲ. ಬಗ್ಗಿ ಬೋಂಡನ ಬೆನ್ನು ಅಮುಕಿದರು, ಮೊದಲ ದಿನ ಅಮುಕಿದ ಹಾಗೆಯೇ. "ತೋಡೋ ಚಪಲ ಇವ್ನ ರಕ್ತದಲ್ಲೇ ಅದೆ. ತೋಡಾಕ್ ಜಾಗ ತೋರ್ಸ್‌ನಿಲ್ಲ ನಾವು. ನಮ್ದೇ ತಪ್ಪು."

ಚಲುವರಾಜು ತನ್ನ ಟವೆಲ್ಲಿನ ತೂತುಗಳನ್ನು ಬಿಸಿಲಿಗೆ ಹಿಡಿದು ನೋಡಿದ. "ಜಾಗ ಬೇಕಾ? ನಮ್ ಕೊಟ್ಟಿಗೇಲಿ ಹೆಗ್ಗಣ ಬಿಲ ತೋಡಿ ತೋಡಿ ಹಸ ನಿಲ್ಲಾಕೇ ನೆಲ ಇಲ್ಲ. ಇವನ್ನ ನಂಗೆ ಕೊಟ್ಬುಡು."

"ಕೊಡಾಕಿಲ್ಲ. ಬೇಕಾದ್ರೆ ಕೆಲ್ಸಕ್ ಕರ್ಕ ಬತ್ತೀನಿ."

"ಅಂಗಾದ್ರೆ ನಾಳೆ ಬಾ."

"ಎಷ್ಟೊತ್ಗೆ?"

"ಏಳು ಗಂಟೆಗೆ. ಅಷ್ಟೊತ್ಗೆ ಹಾಲು ಕರ್ದಿರ್ತೀವಿ."

"ಸರಿ, ಏಳ್ಗಂಟೆಗೆ. ನಾನು, ಬೋಂಡ, ನಮ್ ನಾಗಿ, ಮೂರ್ ಜನ ಬತ್ತೀವಿ" ಎಂದು ತಾತ ಹಗ್ಗವನ್ನು ನನ್ನ ಕೈಗೆ ಕೊಟ್ಟರು. "ತಿಂಡಿ ಮಾತ್ರ ನಿಮ್ಮನೇದೇ ಕಣ್ಲಾ, ಚಲುವರಾಜು."